ರಾಜಿಯ ಮಾರ್ಗವೂ ರಾಜ್ಯಾಡಳಿತವೂ

ವ್ಯಾಜ್ಯದಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬುದು ಕನ್ನಡ ನಾಡಿನಲ್ಲಿ ಎಲ್ಲರೂ ಬಲ್ಲ ಗಾದೆ. ಹೊಲದ ಬದುವಿಗಾಗಿ ಹೂಡಿದ ದಾವೆಯು ಹೊಲವನ್ನೇ ನುಂಗಿದ ಅನುಭವವು ಈ ಮಾತಿನ ಹಿಂದಿರುವುದು. ಆದುದರಿಂದಲೇ ಊರ ಹಿರಿಯರೂ ಮಠದ ಗುರುಗಳೂ ಉಭಯ ಪಕ್ಷದವರನ್ನು ಎದುರಿಗೆ ಕುಳ್ಳಿರಿಸಿ, ಇಬ್ಬರಿಗೂ ಸಮ್ಮತವಾಗುವಂತೆ ವ್ಯಾಜ್ಯವನ್ನು ತೀರಿಸುವ ಪದ್ಧತಿಯು ನಾಡಿನಲ್ಲಿ ಬೆಳೆದುಬಂದಿತು. ಈ ಪದ್ಧತಿಯನ್ನು ಸರಕಾರವು ತನ್ನ ಆಡಳಿತದೊಳಕ್ಕೆ ತಂದುಕೊಂಡಾಗ ಏನಾಯಿತೆಂಬುದು ಭಕ್ತಜನರು ಅರಿತಿರಬೇಕಾದ ಚರಿತ್ರೆಯಾಗಿರುವುದು.

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಮೊದಲಾದ ಸೀಮೆಗಳನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಆ ದತ್ತಮಂಡಲಗಳ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಎಂಬಾತನು 1807ರವರೆಗೆ ಅಲ್ಲಿದ್ದು ರೈತರ ಸ್ಥಿತಿಗತಿಗಳನ್ನು ಕಣ್ಣಾರೆ ಕಂಡನು. ದೂರದ ಪಟ್ಟಣದ ನ್ಯಾಯಾಸ್ಥಾನವು ಬಡ ಒಕ್ಕಲಿಗನಿಗೆ ಎಟುಕದೆಂದು ಆತನು ಮನಗಂಡನು. ಆತನ ಪ್ರಯತ್ನದಿಂದ 1816ರಲ್ಲಿ ಮದರಾಸು ಸರಕಾರವು ಹೊಸ ನಿಬಂಧನೆಗಳನ್ನು ಹೊರಡಿಸಿತು. ಹತ್ತು ರೂಪಾಯಿಗಳವರೆಗಿನ ದಾವೆಗಳನ್ನು ಊರ ಮುಖ್ಯಸ್ಥನೇ ಗ್ರಾಮ ಮುನಸೀಫನಾಗಿ ವಿಚಾರಿಸಬಹುದಾಯಿತು. ಉಭಯರೂ ಒಪ್ಪಿದರೆ ಅದಕ್ಕೂ ಹೆಚ್ಚಿನ ಮೊತ್ತದ ವ್ಯಾಜ್ಯಗಳು ಪಂಚಾಯಿತಿಯ ಮುಂದೆ ಬರಬಹುದಾಗಿದ್ದಿತು. ಆದರೆ ಜನರು ಈ ಸರಕಾರಿ ಪಂಚಾಯಿತಿಗಳ ಬಳಿಗೆ ಬಂದುದು ಅತ್ಯಲ್ಪ. ತೀರ್ಪು ಕೊಡಲು ಸಂಬಳದ ಜಿಲ್ಲಾ ಮುನಸೀಫನೊಬ್ಬನು ಕುಳಿತಿರಲು, ಹೆಚ್ಚಿನವರು ಆತನ ಕಚೇರಿಯ ಮೆಟ್ಟಿಲನ್ನೇ ಏರಿದರು.

1818ರಲ್ಲಿ ಪೇಶವೆಯ ಆಳ್ವಿಕೆಯು ಮುಗಿದು ಧಾರವಾಡದ ಸೀಮೆಯೂ ಕಂಪೆನಿಯ ವಶವಾಯಿತು. ಆಗ ಕಮಿಷನರನಾಗಿದ್ದ ಎಲ್ಫಿನ್‌ಸ್ಟನ್ ಎಂಬಾತನು 1819ರ ತನ್ನ ವರದಿಯಲ್ಲಿ ಪಂಚಾಯಿತಿಯ ಗುಣದೋಷಗಳೆರಡನ್ನೂ ವಿವರಿಸಿರುವನು. ಅದು ನಿಧಾನವಾದುದು, ತನ್ನ ತೀರ್ಮಾನವನ್ನು ತಾನೇ ಜಾರಿಗೆ ತರುವ ಬಲವಿಲ್ಲದುದು. ಆದರೂ ಜನರ ನಂಬುಗೆಗೆ ಪಾತ್ರವಾದುದು. ವಿಚಾರಣೆಗೆ ಮೊದಲು, ತೀರ್ಮಾನಕ್ಕೆ ಬದ್ಧರಾಗಿರುವೆವೆಂದು ಉಭಯರಿಂದಲೂ ಒಪ್ಪಿಗೆಯ ಪತ್ರವನ್ನು ಬರೆಯಿಸಿಕೊಳ್ಳುವ ವಾಡಿಕೆಯಿದ್ದಿತು. ಆ ಒಪ್ಪಿಗೆಯನ್ನು ಸೂಚಿಸುವ ರಾಜಿಯೆಂಬ ಶಬ್ದವು ಇಂದಿಗೂ ಕನ್ನಡಿಗರ ಬಾಯಲ್ಲಿ ಉಳಿದಿರುವುದು.

1875ರಲ್ಲಿ ಪುಣೆ, ಅಹಮದನಗರ ಪ್ರಾಂತಗಳ ರೈತರು ಸಾಹುಕಾರರ ಮೇಲೆದ್ದು ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖ್ಖನದ ರೈತರ ಪರಿಹಾರದ ಕಾಯಿದೆಯು ಬಂದಿತು. ಶ್ರೀ ಸಿದ್ಧರಾಮೇಶ್ವರರ ಸೊನ್ನಲಿಗೆಯಾದ ಸೊಲ್ಲಾಪುರದ ಜಿಲ್ಲೆಯೂ ಅದರ ವ್ಯಾಪ್ತಿಯಲ್ಲಿದ್ದಿತು. ರೈತನ ಮೇಲೆ ದಾವೆ ಹೂಡುವ ಮುನ್ನ ಸಾಹುಕಾರನು ಸರಕಾರವು ನೇಮಿಸಿದ ಸಂಧಾನಕಾರನ ಬಳಿಗೆ ಹೋಗಬೇಕು. ರಾಜಿಯಾಗದಿದ್ದರೆ ಆತನಿಂದ ಪ್ರಮಾಣಪತ್ರವನ್ನು ಪಡೆಯಬೇಕು. ಉದ್ದೇಶವು ಒಳ್ಳೆಯದಾಗಿದ್ದಿತು. ಆದರೆ ಬಲವಂತದಿಂದ ಬಂದವನ ದೃಷ್ಟಿಯು ರಾಜಿಯ ಮೇಲಿರದೆ ಪ್ರಮಾಣಪತ್ರದ ಮೇಲೆಯೇ ಇರುವುದು ಸಹಜವಷ್ಟೆ.

ಇಲ್ಲಿಯವರೆಗೆ ಸರಕಾರವು ಪ್ರಜೆಗಳ ನಡುವಣ ಜಗಳಕ್ಕೆ ಮಧ್ಯಸ್ಥನಾಗಿದ್ದಿತು. ಸರಕಾರವೇ ಪಕ್ಷಗಾರನಾದಾಗ ಏನು ಗತಿ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಸರಕಾರದ ಮೇಲೆ ದಾವೆ ಹೂಡುವವನು ಸಾಮಾನ್ಯವಾಗಿ ಎರಡು ತಿಂಗಳು ಮುಂಚೆ ನೋಟೀಸು ಕೊಡಬೇಕು. ಆ ಅವಧಿಯಲ್ಲಿ ಅಧಿಕಾರಿಗಳು ವಿಚಾರಮಾಡಿ, ನ್ಯಾಯವಾದುದನ್ನು ಕೊಟ್ಟು ಮುಗಿಸಲೆಂಬುದೇ ಇದರ ಆಶಯ. ಆದರೆ ಬಹುಪಾಲು ನೋಟೀಸುಗಳಿಗೆ ಉತ್ತರವೇ ಬರುವುದಿಲ್ಲ, ಬಂದರೂ ಅಸ್ಪಷ್ಟವಾಗಿರುವುದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ವ್ಯಸನಪಟ್ಟಿತು. ರಾಜಿಮಾಡಿದ ಅಧಿಕಾರಿಯನ್ನು ಏಕೆ ಕೊಟ್ಟೆಯೆಂದು ಮೇಲಿನವರು ಕೇಳುವರು. ದಾವೆಯನ್ನು ಎಳೆದವನನ್ನು ಯಾರೂ ಕೇಳುವುದಿಲ್ಲ. ಆ ಭಯದ ಬೆಲೆಯನ್ನು ತೆರುವವನು ಬಡ ಪ್ರಜೆ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು 1995ರ ನವೆಂಬರ್ 9ರಂದು ಜಾರಿಗೆ ಬಂದು ಲೋಕ ಅದಾಲತ್ತುಗಳಿಗೆ ಆಧಾರವಾಯಿತು. ಅಲ್ಲಿ ಆದ ರಾಜಿಯು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಅಪೀಲಿಲ್ಲ. 2002ರಲ್ಲಿ ಸಾರಿಗೆ, ಅಂಚೆ, ವಿದ್ಯುತ್ತು, ನೀರು ಮೊದಲಾದ ಸಾರ್ವಜನಿಕ ಸೇವೆಗಳಿಗಾಗಿ ಖಾಯಂ ಲೋಕ ಅದಾಲತ್ತುಗಳೂ ವಿಧಿಸಲ್ಪಟ್ಟವು. ಇವು ಮೊದಲು ಸಂಧಾನಕ್ಕೆ ಯತ್ನಿಸುವುವು. ಅದು ಫಲಿಸದಿದ್ದರೆ ತಾವೇ ತೀರ್ಪು ಕೊಡಬಲ್ಲವು. ಎಲ್ಫಿನ್‌ಸ್ಟನ್ನನು ಕಂಡ ಬಲಹೀನತೆಯು ಇದರಿಂದ ನೀಗಿತು. ಆದರೆ ಒಪ್ಪದಿದ್ದರೂ ತೀರ್ಪು ಬರುವುದೆಂದಾದಾಗ ಒಪ್ಪಿಗೆಯು ಎಷ್ಟು ಸ್ವತಂತ್ರವೆಂಬ ಹಳೆಯ ಪ್ರಶ್ನೆಯು ಮರಳಿ ಏಳುವುದು.

ಮಠಗಳ ನ್ಯಾಯದಾನವು ಇದಕ್ಕೆ ಬೇರೊಂದು ನಿದರ್ಶನ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠದಲ್ಲಿ ಗುರುಗಳು ಭಕ್ತರ ವ್ಯಾಜ್ಯಗಳನ್ನು ಆಲಿಸುವ ಪದ್ಧತಿಯು ಬೆಳೆದುಬಂದಿದೆ. ಗುರುಪೀಠಕ್ಕೆ ಜಪ್ತಿಮಾಡುವ ಅಮೀನನಿಲ್ಲ, ಸೆರೆಮನೆಯಿಲ್ಲ, ಇರುವುದು ವಿಶ್ವಾಸವೊಂದೇ. ಆದರೆ ಈ ಚರಿತ್ರೆಯ ಪಾಠವು ಮಠಕ್ಕೂ ಸಲ್ಲುವುದು. ಹಿರಿಯರ ಮುಖನೋಡಿ, ಊರಿನ ಮಾತಿಗಂಜಿ, ಒಳಗೆ ಅಳುತ್ತ ಹೊರಗೆ ಒಪ್ಪಿದ ಅಬಲನ ರಾಜಿಯು ರಾಜಿಯಲ್ಲ. ಅದು ಮೌನದ ಸೋಲು. ಅಂತಹವನಿಗೆ ನ್ಯಾಯಾಲಯದ ಬಾಗಿಲು ತೆರೆದಿರಲೇಬೇಕು. ಆ ಬಾಗಿಲು ತೆರೆದಿದ್ದೂ, ತನ್ನ ಮನಸ್ಸಿನಿಂದಲೇ ನೆರೆಯವನ ಕೈಹಿಡಿದು ಮನೆಗೆ ಮರಳುವವನ ಒಪ್ಪಿಗೆಯೇ ನಿಜವಾದ ಒಪ್ಪಿಗೆ. ಅಂತಹ ಒಪ್ಪಿಗೆಯನ್ನು ಗಳಿಸಬಲ್ಲ ಪೀಠವು ಮಠದ್ದಾಗಲಿ ಸರಕಾರದ್ದಾಗಲಿ ಧರ್ಮಪೀಠವೇ ಸರಿ.