ಸೂಜಿ ಹೇಳಿದ್ದೆಲ್ಲ ನಿಜವೆ?

ಸ್ನಾಯುವಿನ ವಿದ್ಯುತ್ ಸಂಕೇತವನ್ನು ಸೂಜಿಯಿಂದ ಅಳೆಯುವುದನ್ನು ನೀವು ಕೇಳಿರಬಹುದು. ಆ ಅಳತೆಯನ್ನು ಎಷ್ಟು ನಂಬಬಹುದು?

1929ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಹಾಗೂ ಅಮೆರಿಕದ ಬ್ರಾಂಕ್ ಇಂಜೆಕ್ಷನ್ ಸೂಜಿಯೊಳಗೆ ಅವಾಹಕ ಲೇಪಿತ ತಂತಿಯನ್ನಿಟ್ಟು ಸ್ನಾಯುವಿಗೆ ಚುಚ್ಚಿದರು. ಒಂದೇ ನರಕೋಶಕ್ಕೆ ಸೇರಿದ ಸ್ನಾಯುತಂತುಗಳ ಸಂಕೇತ ದೊರೆಯಿತು. ಆದರೆ ತೊಡಕೊಂದಿತ್ತು. ಸಂಕೇತದ ಎತ್ತರವನ್ನು ನಿರ್ಧರಿಸುವುದು ಸೂಜಿಯ ತುದಿಗೆ ತೀರ ಹತ್ತಿರವಿರುವ ಕೆಲವೇ ತಂತುಗಳು. ಸೂಜಿ ಅರ್ಧ ಮಿಲಿಮೀಟರ್ ಸರಿದರೂ ಎತ್ತರ ಬದಲಾಗುತ್ತದೆ; ಸಂಕೇತದ ಅವಧಿ ಅಷ್ಟಾಗಿ ಬದಲಾಗದು.

1950ರ ದಶಕದಲ್ಲಿ ಕೋಪನ್‌ಹೇಗನ್ನಿನ ಫ್ರಿಟ್ಸ್ ಬುಕ್ತಾಲ್ ಮತ್ತು ಸಂಗಡಿಗರು ಅವಧಿಯನ್ನೇ ಆಧಾರವಾಗಿಸಿಕೊಂಡರು. ಸೂಜಿಯ ಜಾಗ ಬದಲಿಸುತ್ತ ಸುಮಾರು 20 ಸಂಕೇತಗಳ ಸರಾಸರಿ ತೆಗೆದು, ಅದೇ ವಯಸ್ಸಿನ ಆರೋಗ್ಯವಂತರ ಅದೇ ಸ್ನಾಯುವಿನ ಸರಾಸರಿಯೊಡನೆ ಹೋಲಿಸಿದರು. ಸ್ನಾಯುರೋಗದಲ್ಲಿ ಅವಧಿ ಸಾಮಾನ್ಯವಾಗಿ ಕುಗ್ಗುತ್ತದೆ. ನರಹಾನಿ ಹಳೆಯದಾದರೆ ಹಿಗ್ಗುತ್ತದೆ. ಸ್ನಾಯು ತಣ್ಣಗಿದ್ದರೂ ಹಿಗ್ಗುತ್ತದೆ! ಆದ್ದರಿಂದ ಉಷ್ಣತೆಯನ್ನು ಗಮನಿಸದಿದ್ದರೆ ಆರೋಗ್ಯವಂತನೂ ರೋಗಿಯಾಗಿ ಕಂಡಾನು.