ಸಕ್ಕರೆಯ ಬೋಗುಣಿ ಕಲಿಸಿದ ನೀತಿ

ಉಣ್ಣುವ ಪದಾರ್ಥದ ಶುದ್ಧಾಶುದ್ಧಿಯನ್ನು ವಿಚಾರಿಸುವುದು ನಮ್ಮಲ್ಲಿ ಹಳೆಯ ರೂಢಿ. ಆ ಪದಾರ್ಥವು ಯಾರ ನೋವಿನಿಂದ ನಮ್ಮ ಪಾತ್ರೆಗೆ ಬಂದಿತೆಂಬ ವಿಚಾರಣೆಯೂ ಅಷ್ಟೇ ಅಗತ್ಯ. ಪಿಂಗಾಣಿಯ ಪಾತ್ರೆಯೇ ಇಂತಹ ವಿಚಾರಣೆಗೆ ಸಾಧನವಾದ ಪ್ರಸಂಗವೊಂದು ಇಂಗ್ಲೆಂಡಿನ ಇತಿಹಾಸದಲ್ಲಿದೆ.

ಹದಿನೆಂಟನೆಯ ಶತಮಾನದಲ್ಲಿ ಚಹಾ ಸೇವನೆಯು ಅಲ್ಲಿ ಗೃಹಸ್ಥರ ಮರ್ಯಾದೆಯ ಲಕ್ಷಣವಾಯಿತು. ಚಹಾ ಚೀನಾದಿಂದ ಬರುತ್ತಿತ್ತು. ಸಕ್ಕರೆ ಜಮೈಕಾ, ಬಾರ್ಬಡೋಸ್ ಮೊದಲಾದ ದ್ವೀಪಗಳ ಕಬ್ಬಿನ ತೋಟಗಳಿಂದ ಬರುತ್ತಿತ್ತು. ಆ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾದಿಂದ ಸೆರೆತಂದ ಗುಲಾಮರು ಮತ್ತು ಅವರ ಸಂತತಿಯವರು. ಜೋಸೈಯ ವೆಜ್‌ವುಡ್‌ನಂತಹ ಕುಂಬಾರರು ನಯವಾದ ಕೆನೆಬಣ್ಣದ ಪಾತ್ರೆಗಳನ್ನು ಹೇರಳವಾಗಿ ತಯಾರಿಸಿದಾಗ ಈ ಉಪಚಾರವು ಮಧ್ಯಮವರ್ಗದ ಮನೆಗಳಿಗೂ ಹಬ್ಬಿತು. ಅಂದದ ಬೋಗುಣಿಯಲ್ಲಿ ತುಂಬಿದ ಬಿಳಿಯ ಸಕ್ಕರೆಯನ್ನು ಕಂಡವರಿಗೆ ಅದರ ಹಿಂದಿನ ಚಾವಟಿ ಕಾಣುತ್ತಿರಲಿಲ್ಲ.

ಅದನ್ನು ಕಾಣಿಸಲು ಯತ್ನಿಸಿದವರಲ್ಲಿ ವೆಜ್‌ವುಡ್ ಕೂಡ ಒಬ್ಬನು. 1787ರಲ್ಲಿ ಲಂಡನ್ನಿನಲ್ಲಿ ಗುಲಾಮವ್ಯಾಪಾರ ನಿಷೇಧಕ್ಕಾಗಿ ಸಂಘವೊಂದು ಸ್ಥಾಪನೆಯಾಯಿತು. ಅದೇ ವರ್ಷ ಅವನ ಕಾರ್ಖಾನೆಯು ಸುಟ್ಟ ಮಣ್ಣಿನ ಪುಟ್ಟ ಪದಕವೊಂದನ್ನು ಹೊರತಂದಿತು. ಸಂಕೋಲೆ ತೊಟ್ಟು, ಮಂಡಿಯೂರಿ, ಕೈಜೋಡಿಸಿದ ಆಫ್ರಿಕನ್ನನ ಚಿತ್ರ. ಸುತ್ತಲೂ ‘ನಾನು ಮನುಷ್ಯನಲ್ಲವೇ, ಸಹೋದರನಲ್ಲವೇ?’ ಎಂಬರ್ಥದ ಬರಹ. ಗಂಡಸರು ಅದನ್ನು ನಶ್ಯದ ಡಬ್ಬಿಗಳ ಮುಚ್ಚಳದಲ್ಲಿ ಕೂಡಿಸಿಕೊಂಡರು, ಹೆಂಗಸರು ಕೈಬಳೆಗಳಲ್ಲಿಯೂ ಮುಡಿಯಲ್ಲಿಯೂ ಧರಿಸಿದರು. 1791ರಲ್ಲಿ ಪಾರ್ಲಿಮೆಂಟು ನಿಷೇಧದ ಮಸೂದೆಯನ್ನು ತಿರಸ್ಕರಿಸಿದ ಮೇಲೆ ಸಕ್ಕರೆಯನ್ನೇ ತ್ಯಜಿಸಿದವರ ಸಂಖ್ಯೆ ಮೂರು ಲಕ್ಷವೆಂದು ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದನು.

1807ರಲ್ಲಿ ಗುಲಾಮವ್ಯಾಪಾರ ನಿಂತರೂ ಗುಲಾಮಗಿರಿ ನಿಲ್ಲಲಿಲ್ಲ. 1820ರ ದಶಕದಲ್ಲಿ ‘ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ’ ಎಂಬ ಬರಹವುಳ್ಳ ಬೋಗುಣಿಗಳು ಮಾರಾಟಕ್ಕೆ ಬಂದವು. ಆರು ಕುಟುಂಬಗಳು ಭಾರತದ ಸಕ್ಕರೆಯನ್ನು ಬಳಸಿದರೆ ಒಬ್ಬ ಗುಲಾಮನ ಅಗತ್ಯ ತಪ್ಪುವುದೆಂಬ ಲೆಕ್ಕವೂ ಕೆಲವು ಬೋಗುಣಿಗಳ ಮೇಲಿತ್ತು. ಮತದಾನದ ಹಕ್ಕಿಲ್ಲದ ಗೃಹಿಣಿಯರಿಗೆ ಊಟದ ಮೇಜೇ ನ್ಯಾಯಪೀಠವಾಯಿತು.

ಆದರೆ ಭಾರತದ ನೆಲ ದಾಸ್ಯದಿಂದ ಮುಕ್ತವಾಗಿತ್ತೇ? 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕರಾವಳಿಯ ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ಸ್ಥಿತಿಯನ್ನು ದಾಖಲಿಸಿದ್ದನು. ಆ ಪ್ರವಾಸಕಥನ ಲಂಡನ್ನಿನಲ್ಲಿಯೇ 1807ರಲ್ಲಿ ಅಚ್ಚಾಗಿತ್ತು. ಆದರೂ 1833ರ ಗುಲಾಮಗಿರಿ ನಿಷೇಧದ ಶಾಸನವು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ. ಗುಲಾಮರ ಒಡೆಯರಿಗೆ ಎರಡು ಕೋಟಿ ಪೌಂಡು ಪರಿಹಾರ ಗೊತ್ತುಮಾಡಿದ 1833ರ ಶಾಸನವು ಗುಲಾಮರಿಗೆ ಏನನ್ನೂ ಕೊಡಲಿಲ್ಲವೆಂಬುದೂ ಸ್ಮರಣೀಯ.

ಇದರಿಂದ ಆ ಗೃಹಿಣಿಯರ ತ್ಯಾಗ ಕಿರಿದಾಗುವುದಿಲ್ಲ. ಕಾಣದ ದ್ವೀಪದ ದುಃಖವನ್ನು ಅವರು ತಮ್ಮ ಮನೆಯ ಲೆಕ್ಕಕ್ಕೆ ಸೇರಿಸಿಕೊಂಡರು. ಆ ಸಾಧನೆ ದೊಡ್ಡದು. ಆದರೆ ಬೋಗುಣಿಯ ಮೇಲಿನ ಬರಹವನ್ನು ನಂಬಿ ಅವರ ಪ್ರಶ್ನೆ ಅಲ್ಲಿಯೇ ನಿಂತಿತು. ‘ಇದು ನಿರ್ದೋಷ’ ಎಂದು ಅಚ್ಚಾದ ಮಾತು ಅಂತಃಕರಣಕ್ಕೆ ಸಮಾಧಾನ ನೀಡಬಹುದು. ವಿಚಾರಣೆಯ ಹೊಣೆಯನ್ನು ಇಳಿಸಲಾರದು. ಇಂದಿನ ಅಂಗಡಿಗಳ ಪೊಟ್ಟಣಗಳ ಮೇಲೆಯೂ ಅಂತಹ ಮಾತುಗಳಿವೆ. ಅವನ್ನು ಓದುವ ನಮಗೆ ಆ ಬೋಗುಣಿಯ ನೆನಪಿರಲಿ.