ಅಂಕಸಮುದ್ರದ ಹಕ್ಕಿಗಳೆಲ್ಲ ಸೈಬೀರಿಯಾದಿಂದ ಬಂದವೇ?

ಕೆರೆಯಲ್ಲಿ ನಿಂತ ಕೊಕ್ಕರೆಗಳ ಫೋಟೊ, ಕೆಳಗೆ ‘ಸೈಬೀರಿಯಾದಿಂದ ಬಂದ ಅತಿಥಿಗಳು’ ಎಂಬ ಸಾಲು. ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ಅರ್ಧ ನಿಜ ಮಾತ್ರ.

ಅಂಕಸಮುದ್ರ ಎಲ್ಲಿದೆ?

ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ. ಇದು ನೀರಾವರಿಗೆಂದು ಹಿಂದಿನವರು ಕಟ್ಟಿಸಿದ ಕೆರೆ. ವಿಸ್ತೀರ್ಣ ಸುಮಾರು 244 ಎಕರೆ. ಈಗ ಇದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರ ಜನವರಿಯಲ್ಲಿ ಪ್ರಕಟವಾದ ರಾಮ್ಸರ್ ಪಟ್ಟಿಯಲ್ಲಿ ಇದರ ಹೆಸರೂ ಇತ್ತು. ಇಲ್ಲಿ 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ತಂಗುತ್ತವೆ.

ಹಾಗಾದರೆ ಯಾವುದು ವಿದೇಶಿ?

ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಗರಿ ಇದ್ದರೆ ಅದು ಬಣ್ಣದ ಕೊಕ್ಕರೆ. ಅದು ನಮ್ಮದೇ ದೇಶದ ಹಕ್ಕಿ. ನೀರು, ಮೀನು ಕಡಿಮೆಯಾದರೆ ಬೇರೆ ಕೆರೆಗೆ ಹೋಗುತ್ತದೆ, ಅನುಕೂಲವಾದಾಗ ಮರಳುತ್ತದೆ. ಹೀಗೆ ಹೋಗಿ ಬರುವುದನ್ನು ಕಂಡೇ ಅದನ್ನು ವಿದೇಶಿ ಎಂದುಕೊಳ್ಳುತ್ತೇವೆ.

ನಿಜವಾಗಿ ದೂರದಿಂದ ಬರುವ ಹಕ್ಕಿಗಳೂ ಇವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ಬರುತ್ತದೆ. ಅದು ಇಲ್ಲಿಗೆ ಬರುವುದು ಮೇವಿಗೆ, ಗೂಡು ಕಟ್ಟುವುದಿಲ್ಲ.

ಈ ವ್ಯತ್ಯಾಸ ಏಕೆ ಮುಖ್ಯ?

ವಲಸೆ ಹಕ್ಕಿಯನ್ನು ಬೆದರಿಸಿದರೆ ಅದರ ಮೇವು, ವಿಶ್ರಾಂತಿ ಕೆಡುತ್ತದೆ. ಗೂಡಿನಲ್ಲಿರುವ ಕೊಕ್ಕರೆಯನ್ನು ಎಬ್ಬಿಸಿದರೆ ಮರಿಯ ಜೀವಕ್ಕೇ ಅಪಾಯ. ತಾಯಿ, ತಂದೆ ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳಾಗಿ ನಿಲ್ಲುತ್ತವೆ. ಅವು ಹಾರಿದ ಕೂಡಲೇ ಮರಿಗಳು ಸುಡುಬಿಸಿಲಿಗೆ, ಕಾಗೆ, ಹದ್ದುಗಳ ಕಣ್ಣಿಗೆ ಬೀಳುತ್ತವೆ. ‘ಹಾರುವ ಫೋಟೊ ಬೇಕು’ ಎಂದು ಎಸೆದ ಒಂದು ಕಲ್ಲಿನ ಬೆಲೆ ಇದು.

ನೋಡಲು ಹೋಗುವಾಗ

- ಬೆಳಗಿನ ಜಾವ ಅಥವಾ ಸಂಜೆ ಹೋಗಿ. ಹಕ್ಕಿಗಳ ಓಡಾಟ ಹೆಚ್ಚಿರುತ್ತದೆ.
- ಏರಿಯ ಮೇಲೆಯೇ ನಿಂತು ದುರ್ಬೀನಿನಲ್ಲಿ ನೋಡಿ. ಗೂಡಿರುವ ಮರಗಳತ್ತ ಇಳಿಯಬೇಡಿ.
- ಡ್ರೋನ್, ಸ್ಪೀಕರ್, ಪಟಾಕಿ ಬೇಡ.
- ಹಕ್ಕಿಗೆ ತಿಂಡಿ ಎಸೆಯಬೇಡಿ, ಪ್ಲಾಸ್ಟಿಕ್ ಬಿಟ್ಟು ಬರಬೇಡಿ.

ನಾವು ಹೇಳುವುದಿಷ್ಟು

ಅಂಕಸಮುದ್ರದ ಹಕ್ಕಿಗಳೆಲ್ಲ ಸೈಬೀರಿಯಾದವು ಎಂಬುದು ತಪ್ಪು. ಹಲವು ಹಕ್ಕಿಗಳಿಗೆ ಇದೇ ತವರು. ಚಳಿಗಾಲ ಮುಗಿದರೂ ಕೆರೆಯಲ್ಲಿ ನೀರು, ಮರ, ನೆಮ್ಮದಿ ಮೂರೂ ಉಳಿಯಬೇಕು. ಮುಂದಿನ ಸಲ ಕೊಕ್ಕರೆಯ ಫೋಟೊ ಕಳಿಸುವಾಗ ‘ನಮ್ಮೂರ ಹಕ್ಕಿ’ ಎಂದೇ ಬರೆಯಿರಿ.